ಬಿಸಿಲ ನಾಡಿನಲ್ಲಿ ಸೋರಿಯಾಸಿಸ್

ಬೆಳಕಿನ ರೋಹಿತವನ್ನು ಕುರಿತ ಪಾಠ ಮುಗಿಸಿ ನಾವು ತರಗತಿಯಿಂದ ಹೊರಬರುತ್ತಿದ್ದಾಗ, ಯಾವಾಗಲೂ ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳುವ ವಿದ್ಯಾರ್ಥಿಯೊಬ್ಬನು ನಮ್ಮ ಹಿಂದೆಯೇ ಬಂದನು. ಉರಿಬೇಸಗೆಯಲ್ಲಿಯೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿಯನ್ನೇ ತೊಡುವ ಹುಡುಗ ಅವನು. "ಸಾರ್, ತಾವು ಹೇಳಿದ ನೇರಿಳಾತೀತ ಕಿರಣ ಬೆಳಗಿನ ಬಿಸಿಲಿನಲ್ಲಿಯೂ ಇರುತ್ತದೆಯೆ? ಎಳೆಬಿಸಿಲು ಕಾಯಿಸಿಕೊಂಡರೆ ಇದು ಹೋಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಾರೆ" ಎಂದು ತೋಳನ್ನು ಮೇಲೆ ಸರಿಸಿದನು. ಮೊಣಕೈಯಿಂದ ಮುಂಗೈಯವರೆಗೆ ಕೆಂಪಾದ, ದಪ್ಪನೆಯ ಮಚ್ಚೆಗಳು. ಅವುಗಳ ಮೇಲೆ ಬೆಳ್ಳಿಯ ರೇಕಿನಂತೆ ಹೊಳೆಯುವ ಹೊಪ್ಪಳೆಗಳು. ಎರಡು ವರ್ಷಗಳಿಂದ ಹೀಗಿದೆಯೆಂದೂ, ಬೆನ್ನಿನಲ್ಲಿಯೂ ಕಾಲುಗಳಲ್ಲಿಯೂ ಇನ್ನೂ ಹೆಚ್ಚಾಗಿದೆಯೆಂದೂ, ಊರಿನಲ್ಲಿ ಕೆಲವರು ಇದನ್ನು ಕುಷ್ಠವೆಂದು ತಿಳಿದು ತನ್ನ ಪಕ್ಕದಲ್ಲಿ ಕುಳಿತು ಊಟ ಮಾಡುವುದಿಲ್ಲವೆಂದೂ ಹೇಳಿದನು.

ಅವನ ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಅದರ ಉತ್ತರದ ಅರ್ಧ ಭಾಗ ಭೌತಶಾಸ್ತ್ರದಲ್ಲಿದೆ, ಉಳಿದರ್ಧ ವೈದ್ಯಶಾಸ್ತ್ರದಲ್ಲಿದೆ. ನಾವು ವೈದ್ಯರಲ್ಲ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಬಿಸಿಲ ಸೀಮೆಯಲ್ಲಿ ಬೆಳಕನ್ನು ಕುರಿತು ಪಾಠ ಹೇಳುವವರು ಈ ಪ್ರಶ್ನೆಗೆ ಉತ್ತರ ಹುಡುಕದೆ ಸುಮ್ಮನಿರುವುದು ಸರಿಯಲ್ಲವೆಂದು ತೋರಿತು. ಹುಡುಕಿದಾಗ ದೊರೆತುದನ್ನು ಓದುಗರ ಮುಂದಿಡುತ್ತೇವೆ.

ರೋಗದ ಸ್ವರೂಪ

ಆ ಹುಡುಗನಿಗಿದ್ದುದು ಸೋರಿಯಾಸಿಸ್ ಎಂದು ವೈದ್ಯರು ಆಮೇಲೆ ನಿಶ್ಚಯಿಸಿದರು. ಮೊದಲು ತಿಳಿಯಬೇಕಾದ ಮಾತು ಇದು: ಸೋರಿಯಾಸಿಸ್ ಅಂಟುರೋಗವಲ್ಲ. ಇದಕ್ಕೆ ಯಾವ ಕ್ರಿಮಿಯೂ ಕಾರಣವಲ್ಲ. ರೋಗಿಯನ್ನು ಮುಟ್ಟುವುದರಿಂದಾಗಲಿ, ಅವನ ಬಟ್ಟೆ ತೊಡುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಇದು ಹರಡದು. ನಮ್ಮ ದೇಶದಲ್ಲಿ ನಡೆದ ಬೇರೆ ಬೇರೆ ಸಮೀಕ್ಷೆಗಳು ಸಾವಿರಕ್ಕೆ 4ರಿಂದ 28 ಮಂದಿಯವರೆಗೆ ಈ ರೋಗವನ್ನು ಗುರುತಿಸಿವೆ. ದೊಡ್ಡದೊಂದು ಕಾಲೇಜಿನಲ್ಲಿ ಇಂಥವರು ಕೆಲವರಾದರೂ ಇದ್ದೇ ಇರುತ್ತಾರೆಂದಾಯಿತು.

ನಮ್ಮ ಚರ್ಮದ ಹೊರಪದರ ಸದಾ ಹೊಸದಾಗುತ್ತಿರುತ್ತದೆ. ಅಡಿಯಲ್ಲಿ ಹುಟ್ಟಿದ ಜೀವಕೋಶ ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಒಣಗಿ, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುವುದಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಸೋರಿಯಾಸಿಸ್ ಇರುವೆಡೆಯಲ್ಲಿ ಇದೇ ಪಯಣ ನಾಲ್ಕೈದು ದಿನಗಳಲ್ಲಿಯೇ ಮುಗಿದುಬಿಡುತ್ತದೆ. ಬಲಿಯುವುದಕ್ಕೆ ಮುಂಚೆಯೇ ಮೇಲೆ ಬಂದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ರಾಶಿಯಾಗುತ್ತವೆ. ಅದೇ ಆ ಬೆಳ್ಳಿಬಣ್ಣದ ಹೊಪ್ಪಳೆ. ಕೆಳಗೆ ರಕ್ತನಾಳಗಳು ಹಿಗ್ಗಿರುವುದರಿಂದ ಮಚ್ಚೆ ಕೆಂಪಾಗಿ ಕಾಣುತ್ತದೆ; ಕಪ್ಪು ಮೈಬಣ್ಣದವರಲ್ಲಿ ನೇರಿಳೆಯಾಗಿ ಅಥವಾ ಬೂದುಗಪ್ಪಾಗಿಯೂ ಕಾಣಬಹುದು.

ಈ ಅವಸರಕ್ಕೆ ಕಾರಣ ಚರ್ಮದಲ್ಲಿಲ್ಲ, ರಕ್ತದ ಕಾವಲುಪಡೆಯಲ್ಲಿದೆ. ರೋಗಾಣುಗಳೊಡನೆ ಹೋರಾಡಬೇಕಾದ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು, ಶತ್ರುವಿಲ್ಲದೆಡೆಯಲ್ಲಿ ಶತ್ರುವಿದ್ದಾನೆಂದು ಭ್ರಮಿಸಿ, ಚರ್ಮದಲ್ಲಿ ಬೀಡುಬಿಡುತ್ತವೆ. ಅವು ಹೊರಸೂಸುವ ಇಂಟರ್‌ಲ್ಯೂಕಿನ್-17 ಮೊದಲಾದ ಸಂದೇಶದ್ರವ್ಯಗಳು "ಬೆಳೆ, ಬೇಗ ಬೆಳೆ" ಎಂದು ಚರ್ಮದ ಕೋಶಗಳಿಗೆ ಅಪ್ಪಣೆ ಕೊಡುತ್ತವೆ. ಈ ಭ್ರಮೆಗೆ ಎಡೆಗೊಡುವ ಗುಣ ಬಹುಮಟ್ಟಿಗೆ ವಂಶದಲ್ಲಿಯೇ ಬರುತ್ತದೆ. ಗಂಟಲಿನ ಸೋಂಕು, ಮನಸ್ಸಿನ ಬೇಗುದಿ, ಮದ್ಯ, ಹೊಗೆಸೊಪ್ಪು, ಕೆಲವು ಔಷಧಗಳು, ಚರ್ಮದ ಮೇಲಿನ ತರಚುಗಾಯ, ಇವು ಮಲಗಿದ್ದ ರೋಗವನ್ನು ಎಚ್ಚರಗೊಳಿಸುತ್ತವೆ.

ಕುಷ್ಠದೊಡನೆ ಇದನ್ನು ಬೆರೆಸುವ ತಪ್ಪು ನಮ್ಮ ಹಳ್ಳಿಗಳಲ್ಲಿ ಮಾತ್ರ ನಡೆದುದಲ್ಲ. ಯುರೋಪಿನಲ್ಲಿಯೂ ಶತಮಾನಗಳ ಕಾಲ ಎರಡನ್ನೂ ಒಂದೇ ಎಂದು ಎಣಿಸಿದ್ದರು. 1841ರಲ್ಲಿ ವಿಯೆನ್ನಾದ ಫರ್ಡಿನಂಡ್ ಹೆಬ್ರಾ ಎಂಬ ವೈದ್ಯರು ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶವೂ ಇರುತ್ತದೆ, ತುರಿಕೆಯೂ ಇರುತ್ತದೆ. ಕುಷ್ಠಕ್ಕೂ ಇಂದು ನಂಬಿಕೆಗೆ ಅರ್ಹವಾದ ಔಷಧವುಂಟು. ಪಾವಗಡದ ಶ್ರೀರಾಮಕೃಷ್ಣ ಸೇವಾಶ್ರಮವು ಕುಷ್ಠರೋಗಿಗಳ ಮತ್ತು ಕ್ಷಯರೋಗಿಗಳ ಸೇವೆಗೆ ಹೆಸರಾದ ಸಂಸ್ಥೆ. ಅಂಥ ಸೇವೆ ನಡೆಯುತ್ತಿರುವ ಸೀಮೆಯಲ್ಲಿ ಎರಡು ರೋಗಗಳಲ್ಲಿ ಯಾವುದಕ್ಕೂ ಹೆದರಿ ಮನುಷ್ಯನನ್ನು ದೂರವಿಡುವ ಕಾರಣ ಉಳಿದಿಲ್ಲ.

ತೀವ್ರವೆಂದರೆ ಎಷ್ಟು?

ಭೌತಶಾಸ್ತ್ರದಲ್ಲಿ ಅಳತೆಯಿಲ್ಲದೆ ಮಾತಿಲ್ಲ. ಚರ್ಮವೈದ್ಯರೂ ಅಳೆಯುತ್ತಾರೆ; ಅವರ ಅಳತೆಗೋಲು ರೋಗಿಯ ಅಂಗೈಯೇ. ಬೆರಳುಗಳೂ ಸೇರಿದಂತೆ ಒಬ್ಬನ ಅಂಗೈ ಅವನ ಮೈಯ ಒಟ್ಟು ಹರವಿನ ಸುಮಾರು ನೂರನೆಯ ಒಂದು ಪಾಲು. ಮಚ್ಚೆಗಳೆಲ್ಲ ಸೇರಿ ಎರಡು ಮೂರು ಅಂಗೈಯಷ್ಟಿದ್ದರೆ ರೋಗ ಸೌಮ್ಯ. ಹತ್ತು ಅಂಗೈಗಳನ್ನು ಮೀರಿದರೆ ತೀವ್ರ. ಅಷ್ಟಿಲ್ಲದಿದ್ದರೂ ಮುಖ, ಅಂಗೈ, ಅಂಗಾಲು, ಗುಪ್ತಾಂಗಗಳನ್ನು ಹಿಡಿದು ಬಾಳನ್ನು ದುರ್ಭರಗೊಳಿಸಿದರೆ ಅದನ್ನೂ ತೀವ್ರವೆಂದೇ ಎಣಿಸಬೇಕು. ಕಡಲೆಕಾಯಿ ಕೀಳುವವನ ಅಂಗೈ ಬಿರಿದರೆ ಅವನಿಗೆ ಆ ಎರಡೇ ಅಂಗೈ ಸಾಕು. ಕೆಲವರಿಗೆ ಬೆರಳಿನ ಗೆಣ್ಣುಗಳೂ ಬೆನ್ನಿನ ಕೀಲುಗಳೂ ಊದಿಕೊಳ್ಳುತ್ತವೆ. ತಡಮಾಡಿದರೆ ಕೀಲುಗಳು ಶಾಶ್ವತವಾಗಿ ಸೊಟ್ಟಗಾಗುವುದುಂಟು.

ಸೌಮ್ಯ ರೋಗಕ್ಕೆ ಲೇಪನಗಳು ಸಾಕಾಗುತ್ತವೆ. ಇವುಗಳ ಇತಿಹಾಸದಲ್ಲಿ ನಮ್ಮ ನೆರೆಯ ಗೋವೆಯ ಹೆಸರೂ ಸೇರಿದೆ. ಬ್ರೆಜಿಲ್ ದೇಶದ ಮರವೊಂದರ ತಿರುಳಿನ ಪುಡಿಯನ್ನು ಪೋರ್ಚುಗೀಸರು ಗೋವೆಗೆ ತಂದಿದ್ದರು. ಹುಳುಕಡ್ಡಿಗೆ ಹಚ್ಚುತ್ತಿದ್ದ ಈ "ಗೋವಾ ಪುಡಿ" ಸೋರಿಯಾಸಿಸ್ಸಿಗೂ ಆಗುತ್ತದೆಂದು 1876ರಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವೈರ್ ಪ್ರಕಟಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಪುಡಿ ದೊರೆಯದಾದಾಗ ಜರ್ಮನರು 1916ರಲ್ಲಿ ಅದರ ಬದಲಿಗೆ ಡಿತ್ರನಾಲ್ ಎಂಬ ಕೃತಕ ವಸ್ತುವನ್ನು ತಯಾರಿಸಿದರು. ಈಗ ಕಲ್ಲಿದ್ದಲ ಡಾಂಬರಿನ ಲೇಪ, ಸ್ಟೀರಾಯ್ಡ್ ಲೇಪ, ಡಿ ಜೀವಸತ್ವದಿಂದ ಹುಟ್ಟಿದ ಕ್ಯಾಲ್ಸಿಪೋಟ್ರಿಯಾಲ್ ಲೇಪ, ಎಲ್ಲವೂ ಬಳಕೆಯಲ್ಲಿವೆ. ಆದರೆ ಹತ್ತಿಪ್ಪತ್ತು ಅಂಗೈಗಳಷ್ಟು ಮೈಗೆ ದಿನವೂ ಲೇಪ ಹಚ್ಚುತ್ತ ಕುಳಿತುಕೊಳ್ಳುವುದು ಸಾಧ್ಯವೆ? ತೀವ್ರ ರೋಗಕ್ಕೆ ಬೇರೆ ಮಾರ್ಗಗಳೇ ಬೇಕು. ಅವು ಮುಖ್ಯವಾಗಿ ಮೂರು: ಬೆಳಕು, ಗುಳಿಗೆ, ಚುಚ್ಚುಮದ್ದು.

ಅಜ್ಜಿಯ ಎಳೆಬಿಸಿಲು

ಬೆಳಕನ್ನೇ ಮೊದಲು ತೆಗೆದುಕೊಳ್ಳೋಣ. ಬಿಸಿಲಿನಿಂದ ಸೋರಿಯಾಸಿಸ್ ತಗ್ಗುವುದು ನಿಜ. ಅಜ್ಜಿಯ ಮಾತಿನಲ್ಲಿ ಅಷ್ಟು ಸತ್ಯವಿದೆ. ಆದರೆ ಬಿಸಿಲೆಂಬುದು ಒಂದೇ ವಸ್ತುವಲ್ಲ. ಅದು ನಾನಾ ಅಲೆಯುದ್ದಗಳ ಸಂತೆ. ಬೆಳಕಿನ ಒಂದೊಂದು ಕಣದ, ಎಂದರೆ ಫೋಟಾನಿನ, ಶಕ್ತಿಯನ್ನು ಲೆಕ್ಕಹಾಕುವುದು ಸುಲಭ. 1,240 ಎಂಬ ಸಂಖ್ಯೆಯನ್ನು ನ್ಯಾನೊಮೀಟರಿನಲ್ಲಿ ಅಳೆದ ಅಲೆಯುದ್ದದಿಂದ ಭಾಗಿಸಿದರೆ ಶಕ್ತಿ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುತ್ತದೆ. 650 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಸುಮಾರು 1.9, 311 ನ್ಯಾನೊಮೀಟರಿನ ನೇರಿಳಾತೀತ ಕಿರಣಕ್ಕೆ ಸುಮಾರು 4.

ಈ ವ್ಯತ್ಯಾಸದಲ್ಲಿಯೇ ಗುಟ್ಟಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಗಳಲ್ಲಿ ಹರಡಿರುವ, 2018ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಅಲ್ಲಿಯ ಸಿಲಿಕಾನ್ ಫಲಕಗಳಲ್ಲಿ ಎಲೆಕ್ಟ್ರಾನನ್ನು ಬಿಡಿಸುವುದಕ್ಕೆ 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಆದ್ದರಿಂದ ಕೆಂಪು ಬೆಳಕೂ ಅಲ್ಲಿ ದುಡಿಯುತ್ತದೆ. ಚರ್ಮದ ಕೋಶದಲ್ಲಿರುವ ಡಿ.ಎನ್.ಎ. ಅಣುವನ್ನು ಮಾರ್ಪಡಿಸುವ ಕೆಲಸ ಕೆಂಪು ಬೆಳಕಿನಿಂದಾಗದು. ಅದಕ್ಕೆ 4 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ ಫೋಟಾನು ಬೇಕು. ಅಂಥ ಫೋಟಾನು ತಗಲಿದಾಗ ಚರ್ಮಕ್ಕೆ ನುಗ್ಗಿರುವ ಟಿ-ಕೋಶಗಳು ಸಾಯುತ್ತವೆ, ಅತಿಯಾಗಿ ಬೆಳೆಯುತ್ತಿದ್ದ ಚರ್ಮಕೋಶಗಳ ಓಟ ನಿಧಾನವಾಗುತ್ತದೆ.

ಈ ಕಿರಣಗಳಿಗೆ ನೇರಿಳಾತೀತ-ಬಿ ಎಂದು ಹೆಸರು. ಇವುಗಳ ಬಹುಭಾಗವನ್ನು ಮೇಲಿನ ಓಜೋನ್ ಪದರ ಹೀರಿಬಿಡುತ್ತದೆ. ಸೂರ್ಯನು ನೆತ್ತಿಯ ಮೇಲಿದ್ದಾಗ 300 ನ್ಯಾನೊಮೀಟರಿನ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಮೆ ಮಾತ್ರ ಆ ಪದರವನ್ನು ದಾಟಿ ಬರುತ್ತದೆ. ಮಧುಗಿರಿ ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವೆ ಇನ್ನೊಮ್ಮೆ, ನಡುಹಗಲಿನ ಸೂರ್ಯ ಇಲ್ಲಿ ನೆಟ್ಟನೆ ನೆತ್ತಿಯ ಮೇಲೆ ಬರುತ್ತಾನೆ. ಅದೇ ದಿನಗಳಲ್ಲಿ ಬೆಳಗಿನ ಎಂಟರ ಸುಮಾರಿಗೆ ಅವನ ಎತ್ತರ 30 ಡಿಗ್ರಿ ಮಾತ್ರ. ಆಗ ಕಿರಣವು ಓರೆಯಾಗಿ ಬರುವುದರಿಂದ ಓಜೋನಿನೊಳಗಿನ ದಾರಿ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ದಾರಿ ಇಮ್ಮಡಿಯಾದರೆ ಬೆಳಕು ಅರ್ಧವಾಗುವುದೆಂದು ತಿಳಿಯಬಾರದು. ಮೊದಲ ಅರ್ಧದಾರಿಯಲ್ಲಿ ಹತ್ತರಲ್ಲಿ ಒಂದು ಉಳಿದರೆ, ಎರಡನೆಯ ಅರ್ಧದಲ್ಲಿ ಆ ಒಂದರ ಹತ್ತನೆಯ ಪಾಲು ಉಳಿಯುತ್ತದೆ. ಎಂದರೆ ನೂರರಲ್ಲಿ ಒಂದು. ಎಳೆಬಿಸಿಲು ಮೈಗೆ ಹಿತ. ಆದರೆ ರೋಗಕ್ಕೆ ಬೇಕಾದ ಕಿರಣ ಅದರಲ್ಲಿ ಬಲು ವಿರಳ. ಕಿಟಕಿಯ ಗಾಜಿನ ಹಿಂದೆ ಕುಳಿತರಂತೂ ಅದೂ ಬಾರದು, ಸಾಧಾರಣ ಗಾಜು ಅದನ್ನು ತಡೆದುಬಿಡುತ್ತದೆ.

ಹಾಗಾದರೆ ನಡುಹಗಲಿನ ಬಿಸಿಲಿಗೆ ಮೈಯೊಡ್ಡಬಹುದೆ? ಅಲ್ಲಿ ಬೇರೆ ತೊಡಕುಂಟು. ಮೋಡ, ಧೂಳು, ಋತು, ಗಂಟೆಗಳಿಗೆ ತಕ್ಕಂತೆ ಕಿರಣದ ಪ್ರಮಾಣ ಬದಲಾಗುತ್ತಲೇ ಇರುವುದರಿಂದ ಇಷ್ಟೆಂದು ಅಳೆದುಕೊಡುವಂತಿಲ್ಲ. ಅತಿಯಾದರೆ ಚರ್ಮ ಸುಡುತ್ತದೆ. ಸುಟ್ಟೆಡೆಯಲ್ಲಿ, ತರಚಿದೆಡೆಯಲ್ಲಿ ಹೇಗೋ ಹಾಗೆ, ಹೊಸ ಸೋರಿಯಾಸಿಸ್ ಮಚ್ಚೆ ಹುಟ್ಟಬಹುದು. ಔಷಧವನ್ನು ಅಂದಾಜಿನಲ್ಲಿ ಬಗ್ಗಿಸಿ ಕುಡಿಯುವುದೂ ಇದೂ ಒಂದೇ.

ದೀಪದ ಚಿಕಿತ್ಸೆ

ಆದುದರಿಂದ ಬಿಸಿಲಿನ ಸಂತೆಯಿಂದ ಬೇಕಾದ ಸರಕನ್ನು ಮಾತ್ರ ಆರಿಸಿ ತರುವ ದೀಪವೊಂದು ಬೇಕಾಯಿತು. ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ 1903ರಲ್ಲಿಯೇ ನೊಬೆಲ್ ಪಾರಿತೋಷಿಕ ಪಡೆದಿದ್ದರು. 1925ರಲ್ಲಿ ಅಮೆರಿಕದ ಗೋಕರ್ಮನ್ ಎಂಬ ವೈದ್ಯರು ಡಾಂಬರಿನ ಲೇಪದೊಡನೆ ನೇರಿಳಾತೀತ ದೀಪವನ್ನು ಸೋರಿಯಾಸಿಸ್ಸಿಗೆ ಬಳಸಿದರು. ಯಾವ ಅಲೆಯುದ್ದ ನಿಜವಾಗಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತುದು 1981ರಲ್ಲಿ. ಪ್ಯಾರಿಷ್ ಮತ್ತು ಅವರ ಸಹೋದ್ಯೋಗಿ ಒಂದೊಂದೇ ಅಲೆಯುದ್ದವನ್ನು ಬೇರೆ ಮಾಡಿ ಮಚ್ಚೆಗಳ ಮೇಲೆ ಬೀರಿ ನೋಡಿದರು. 290 ನ್ಯಾನೊಮೀಟರು ಮತ್ತು ಅದಕ್ಕಿಂತ ಗಿಡ್ಡನೆಯ ಅಲೆಗಳು ಚರ್ಮವನ್ನು ಕೆಂಪಗೆ ಸುಟ್ಟವೇ ಹೊರತು ರೋಗವನ್ನು ತಗ್ಗಿಸಲಿಲ್ಲ. 300ರಿಂದ 313ರವರೆಗಿನ ಅಲೆಗಳು ಹೆಚ್ಚು ಸುಡದೆಯೇ ಗುಣ ತೋರಿದವು.

ಮುಂದೆ 311 ನ್ಯಾನೊಮೀಟರಿನ ಸುತ್ತ ಮಾತ್ರ ಬೆಳಗುವ ಕೊಳವೆದೀಪಗಳು ತಯಾರಾದವು. 1980ರ ದಶಕದಿಂದ ಇವು ಬಳಕೆಗೆ ಬಂದವು. ಇವುಗಳ ರಚನೆ ನಮ್ಮ ಮನೆಯ ಟ್ಯೂಬ್‌ಲೈಟಿನಂತೆಯೇ. ಒಳಗಿನ ಪಾದರಸದ ಆವಿ 254 ನ್ಯಾನೊಮೀಟರಿನ ಕಿರಣ ಬೀರುತ್ತದೆ, ಕೊಳವೆಯ ಒಳಮೈಗೆ ಬಳಿದ ಪುಡಿಯಲ್ಲಿರುವ ಗ್ಯಾಡೊಲಿನಿಯಂ ಧಾತು ಅದನ್ನು ಹೀರಿ 311ರ ಕಿರಣವಾಗಿ ಮರಳಿಸುತ್ತದೆ. ರೋಗಿಯು ಇಂಥ ದೀಪಗಳು ಸುತ್ತುವರಿದ ಗೂಡಿನೊಳಗೆ, ಕಣ್ಣಿಗೆ ಕಪ್ಪು ಕನ್ನಡಕ ಧರಿಸಿ, ಗುಪ್ತಾಂಗಗಳನ್ನು ಮುಚ್ಚಿಕೊಂಡು, ಕೆಲವು ನಿಮಿಷ ನಿಲ್ಲುತ್ತಾನೆ. ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು ಪ್ರಮಾಣ ಅಳೆಯಲಾಗುತ್ತದೆ. ಚರ್ಮ ಕೆಂಪಾಗದಿದ್ದರೆ ಮುಂದಿನ ಸಲ ಸ್ವಲ್ಪ ಏರಿಸಲಾಗುತ್ತದೆ. ವಾರಕ್ಕೆ ಮೂರು ಸಲದಂತೆ ಇಪ್ಪತ್ತು ಮೂವತ್ತು ಸಲದಲ್ಲಿ ಬಹುಮಂದಿಯ ಮೈ ತಿಳಿಯಾಗುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದಾದ ಚಿಕಿತ್ಸೆಯಿದು.

ತೊಡಕೆಲ್ಲಿದೆ? ದೂರದಲ್ಲಿದೆ. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರು. ದೀಪವಿರುವ ಆಸ್ಪತ್ರೆಗಾಗಿ ಅಲ್ಲಿಗೇ ಹೋಗಬೇಕಾದರೆ ಮೂವತ್ತು ಸಲಕ್ಕೆ ಹೋಗಿಬರುವ ದಾರಿ 6,000 ಕಿಲೋಮೀಟರಾಗುತ್ತದೆ. ಮೂವತ್ತು ದಿನಗಳ ಕೂಲಿ ಹೋಗುತ್ತದೆ. ಕೆಲವು ನಿಮಿಷಗಳ ಬೆಳಕಿಗೆ ಇಷ್ಟು ಬೆಲೆ ಕೊಡಬಲ್ಲ ರೈತಕೂಲಿಗಳು ಎಷ್ಟು ಮಂದಿ? ಇದಕ್ಕೆ ಒಂದು ಪರಿಹಾರ, ವೈದ್ಯರ ಮೇಲ್ವಿಚಾರಣೆಯಲ್ಲಿ ದೀಪವನ್ನು ರೋಗಿಯ ಮನೆಗೇ ಒಯ್ಯುವುದು. ನೆದರ್ಲೆಂಡ್ಸ್‌ನಲ್ಲಿ 196 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೂ, ಅಮೆರಿಕದಲ್ಲಿ 783 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೂ ಮನೆಯ ದೀಪ ಆಸ್ಪತ್ರೆಯ ದೀಪಕ್ಕೆ ಕಡಮೆಯಲ್ಲವೆಂದು ತೋರಿಸಿವೆ. ರಾಜ್ಯಕ್ಕೆಲ್ಲ ವಿದ್ಯುತ್ತು ಕೊಡುವ ತಾಲ್ಲೂಕಿನಲ್ಲಿ ಇಂಥ ಕೊಳವೆಗಳನ್ನು ಉರಿಸುವುದು ವಿದ್ಯುತ್ತಿನ ಲೆಕ್ಕದಲ್ಲಿ ದೊಡ್ಡ ಮಾತಲ್ಲ.

ಬಾವಂಚಿಯ ಬೀಜ

ಬೆಳಕಿನ ಚಿಕಿತ್ಸೆಯ ಇನ್ನೊಂದು ಕವಲಿನ ಬೇರು ನಮ್ಮ ನಾಡಿನಲ್ಲಿಯೇ ಇದೆ. ಬಾವಂಚಿ ಎಂಬ ಗಿಡದ ಬೀಜವನ್ನು ತೊನ್ನಿಗೆ ಹಚ್ಚಿ ಬಿಸಿಲಿಗೆ ಒಡ್ಡುವ ಪದ್ಧತಿ ಆಯುರ್ವೇದದಲ್ಲಿ ಬಹು ಹಳೆಯದು. ಸಂಸ್ಕೃತದಲ್ಲಿ ಇದಕ್ಕೆ ಬಾಕುಚಿ ಎಂದು ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರಾದ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಇವರು ಈ ಬೀಜವನ್ನು ಪರೀಕ್ಷಿಸಿ, ಅದರಲ್ಲಿರುವ ಸೋರಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ 1933ರಲ್ಲಿ ಪ್ರಕಟಿಸಿದರು. 1947ರ ಸುಮಾರಿಗೆ ಈಜಿಪ್ಟಿನಲ್ಲಿ ನೈಲ್ ನದಿಯ ದಂಡೆಯ ಬೇರೊಂದು ಗಿಡದಿಂದ ಇದರ ಸೋದರವಸ್ತುವಾದ ಮೆಥಾಕ್ಸಲೆನ್ ದೊರೆಯಿತು. 1974ರಲ್ಲಿ ಅಮೆರಿಕದ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್ ಮತ್ತು ಟ್ಯಾನೆನ್‌ಬಾಮ್, ಭಾರತದಲ್ಲಿ ಹುಟ್ಟಿದ ಮಧುಕರ ಪಾಠಕರ ಜೊತೆಗೂಡಿ, ಮೆಥಾಕ್ಸಲೆನ್ ಗುಳಿಗೆ ನುಂಗಿಸಿ ಸುಮಾರು ಎರಡು ಗಂಟೆಗಳ ಬಳಿಕ ನೇರಿಳಾತೀತ-ಎ ದೀಪಕ್ಕೆ ಒಡ್ಡಿದರೆ ತೀವ್ರ ಸೋರಿಯಾಸಿಸ್ ಗುಣವಾಗುವುದನ್ನು ತೋರಿಸಿದರು. ಈ ಚಿಕಿತ್ಸೆಯ ಹೆಸರು ಪೂವಾ.

ಸೋರಲೆನ್ ಜಾತಿಯ ಅಣುಗಳು ಡಿ.ಎನ್.ಎ. ಏಣಿಯ ಮೆಟ್ಟಿಲುಗಳ ನಡುವೆ ನುಸುಳುತ್ತವೆ. ಬೆಳಕು ಬಿದ್ದಾಗ ಏಣಿಯ ಎರಡು ಕಾಲುಗಳನ್ನೂ ಹೆಣೆದುಬಿಡುತ್ತವೆ. ಕೋಶ ಮತ್ತೆ ಒಡೆಯಲಾರದು. ಬಲವಾದ ಉಪಾಯವೇ ಸರಿ. ಆದರೆ ಅದೇ ಬಲ ಅಪಾಯಕ್ಕೂ ಕಾರಣ. ಗುಳಿಗೆ ತಿಂದ ದಿನವೆಲ್ಲ ಕಣ್ಣನ್ನೂ ಮೈಯನ್ನೂ ಬಿಸಿಲಿನಿಂದ ಕಾಪಾಡಬೇಕು. ನೂರಾರು ಸಲ ಪಡೆದ ಬಿಳಿಯ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದುದು ಕಂಡುಬಂದಿದೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಔಷಧದ ಗಿಡಮೂಲಿಕೆಗಳಿಗೆ ಹೆಸರಾದುದು. ಮೂಲಿಕೆಗಳಲ್ಲಿ ನಮ್ಮ ಜನಕ್ಕೆ ವಿಶ್ವಾಸವಿರುವುದು ಸಹಜ. ಬಾವಂಚಿಯ ಕಥೆ ಆ ವಿಶ್ವಾಸವನ್ನು ಸುಳ್ಳುಮಾಡುವುದಿಲ್ಲ, ತಿದ್ದುತ್ತದೆ: ಮೂಲಿಕೆಯಲ್ಲಿ ಗುಣವಿದ್ದರೆ ದೋಷವೂ ಇರುತ್ತದೆ. ಬಾವಂಚಿಯನ್ನು ತಾವೇ ಅರೆದು ಹಚ್ಚಿಕೊಂಡು ಬಿಸಿಲಿಗೆ ನಿಂತು ಬೊಬ್ಬೆಯೇಳಿಸಿಕೊಳ್ಳುವುದು ಚಿಕಿತ್ಸೆಯಲ್ಲ.

ವಾರಕ್ಕೊಂದು ದಿನದ ಗುಳಿಗೆ

ದೀಪಕ್ಕೆ ಹೋಗಲಾರದವರಿಗೆ, ಕೀಲುಗಳೂ ಊದಿಕೊಂಡವರಿಗೆ, ಗುಳಿಗೆಗಳುಂಟು. ಇವುಗಳಲ್ಲಿ ಮುಖ್ಯವಾದುದು ಮೆಥೊಟ್ರೆಕ್ಸೇಟ್. ಇದರ ಪೂರ್ವಜವಾದ ಅಮಿನಾಪ್ಟೆರಿನ್ ಸಿದ್ಧವಾದುದು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ. 1948ರಲ್ಲಿ ಅದನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಸಿದರು. 1951ರಲ್ಲಿ ಗುಬ್ನರ್ ಎಂಬ ವೈದ್ಯರು ಸೋರಿಯಾಸಿಸ್ಸಿಗೂ ಆಗುವುದನ್ನು ವರದಿ ಮಾಡಿದರು. ಇಂದಿಗೂ ತೀವ್ರ ಸೋರಿಯಾಸಿಸ್ಸಿನಲ್ಲಿ ಕಡಮೆ ಬೆಲೆಗೆ ಹೆಚ್ಚು ಉಪಕಾರ ಮಾಡುವ ಔಷಧ ಇದೇ ಎನ್ನಬಹುದು.

ಇಲ್ಲಿ ಓದುಗರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಮೆಥೊಟ್ರೆಕ್ಸೇಟನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಬೇರೆ ಗುಳಿಗೆಗಳಂತೆ ದಿನವೂ ನುಂಗಿದರೆ ಅಸ್ಥಿಮಜ್ಜೆ ಸೊರಗಿ, ಬಾಯಿ ಹುಣ್ಣಾಗಿ, ಪ್ರಾಣವೇ ಹೋಗಬಹುದು. ಲೋಕದ ಅನೇಕ ಕಡೆ ಇಂಥ ಸಾವುಗಳು ಸಂಭವಿಸಿವೆ. ಮನೆಯ ಹಿರಿಯರಿಗೆ ಓದು ಬಾರದಿದ್ದರೆ ಓದಬಲ್ಲ ಮಕ್ಕಳು ಈ ಹೊಣೆಯನ್ನು ಹೊರಬೇಕು. ಊರಿನ ಸಂತೆ ವಾರಕ್ಕೊಂದೇ ದಿನ ಕೂಡುತ್ತದೆ. ವೈದ್ಯರು ಒಪ್ಪಿದರೆ ಆ ದಿನವನ್ನೇ ಗೊತ್ತುಮಾಡಿಕೊಂಡು "ಸಂತೆಯ ದಿನದ ಗುಳಿಗೆ" ಎಂದು ಹೆಸರಿಟ್ಟರೆ ಮರೆವಿಗೆ ಎಡೆಯಿಲ್ಲ. ಇದರೊಡನೆ ಫೋಲಿಕ್ ಆಮ್ಲದ ಗುಳಿಗೆಯನ್ನು ವೈದ್ಯರು ಹೇಳಿದ ಬೇರೆ ದಿನ ಕೊಡುತ್ತಾರೆ. ರಕ್ತವನ್ನೂ ಪಿತ್ತಕೋಶವೆಂದು ಜನರು ಕರೆಯುವ ಯಕೃತ್ತನ್ನೂ ಆಗಾಗ ಪರೀಕ್ಷಿಸಬೇಕು, ಮದ್ಯ ಸಲ್ಲದು, ಗರ್ಭಿಣಿಯರಿಗೂ ಗರ್ಭ ಧರಿಸಬಯಸುವವರಿಗೂ ಇದು ಕೂಡದು.

ಇನ್ನೆರಡು ಗುಳಿಗೆಗಳನ್ನು ಹೆಸರಿಸಿದರೆ ಸಾಕು. ಸೈಕ್ಲೊಸ್ಪೊರಿನ್ ವಾರಗಳಲ್ಲಿಯೇ ಗುಣ ತೋರುತ್ತದೆ, ಆದರೆ ಮೂತ್ರಪಿಂಡಕ್ಕೂ ರಕ್ತದ ಒತ್ತಡಕ್ಕೂ ಕೇಡು. ಆದ್ದರಿಂದ ಹೆಚ್ಚು ಕಾಲ ಕೊಡುವುದಿಲ್ಲ. ಅಸಿಟ್ರೆಟಿನ್ ಎಂಬುದು ಎ ಜೀವಸತ್ವದ ಬಂಧು. ಅದನ್ನು ನಿಲ್ಲಿಸಿದ ಮೇಲೂ ಮೂರು ವರ್ಷಗಳವರೆಗೆ ಹೆಣ್ಣುಮಕ್ಕಳು ಗರ್ಭ ಧರಿಸಬಾರದು. ಹರೆಯದ ಹೆಂಗಸರಿಗೆ ಅದನ್ನು ವೈದ್ಯರು ಸಾಮಾನ್ಯವಾಗಿ ಕೊಡದಿರುವುದು ಇದಕ್ಕಾಗಿಯೇ.

ಗುರಿಯಿಟ್ಟ ಬಾಣಗಳು

ಮೇಲಿನ ಗುಳಿಗೆಗಳಲ್ಲಿ ಮೆಥೊಟ್ರೆಕ್ಸೇಟ್ ಮತ್ತು ಸೈಕ್ಲೊಸ್ಪೊರಿನ್ ಕಾವಲುಪಡೆಯನ್ನೆಲ್ಲ ಒಟ್ಟಿಗೆ ಅದುಮುತ್ತವೆ. ತಪ್ಪು ಅಪ್ಪಣೆಯನ್ನು ಮಾತ್ರ ತಡೆಯುವಂತಿದ್ದರೆ? ಈ ಆಲೋಚನೆಯಿಂದ ಹುಟ್ಟಿದವು ಜೈವಿಕ ಔಷಧಗಳು. ಇವು ಪ್ರಯೋಗಶಾಲೆಯಲ್ಲಿ ಜೀವಂತ ಕೋಶಗಳಿಂದ ತಯಾರಾದ ಪ್ರತಿಕಾಯಗಳು. ಒಂದೊಂದು ಸಂದೇಶದ್ರವ್ಯವನ್ನು ಹುಡುಕಿ ಹಿಡಿದು ನಿಷ್ಫಲಗೊಳಿಸುತ್ತವೆ. ಮೊದಲು ಬಂದವು ಟಿ.ಎನ್.ಎಫ್. ಎಂಬ ದ್ರವ್ಯದ ವಿರುದ್ಧ. 2009ರಲ್ಲಿ ಇಂಟರ್‌ಲ್ಯೂಕಿನ್-12 ಮತ್ತು 23ರ ವಿರುದ್ಧ ಉಸ್ಟೆಕಿನುಮ್ಯಾಬ್. 2015ರಲ್ಲಿ ಇಂಟರ್‌ಲ್ಯೂಕಿನ್-17ರ ವಿರುದ್ಧ ಸೆಕುಕಿನುಮ್ಯಾಬ್. 2017ರಲ್ಲಿ 23ನ್ನು ಮಾತ್ರ ಹಿಡಿಯುವ ಗುಸೆಲ್ಕುಮ್ಯಾಬ್. ಕೊನೆಯ ಎರಡು ಬಗೆಗಳ ಶಕ್ತಿ ಅಚ್ಚರಿಗೊಳಿಸುವಂಥದು: ಸೆಕುಕಿನುಮ್ಯಾಬಿನ ಪರೀಕ್ಷೆಗಳಲ್ಲಿ ಮೂರು ತಿಂಗಳೊಳಗೆ ನೂರಕ್ಕೆ ಸುಮಾರು 80 ಮಂದಿಯಲ್ಲಿ ರೋಗ ಮುಕ್ಕಾಲು ಪಾಲು ಇಳಿಯಿತು.

ಈ ಸಾಲಿನಲ್ಲಿ ಬೆಂಗಳೂರಿನ ಹೆಸರೂ ಇದೆ. ಕ್ಯೂಬಾ ದೇಶದ ಹವಾನಾದಲ್ಲಿ ಹುಟ್ಟಿದ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ ಬೆಳೆಸಿ, 225 ರೋಗಿಗಳಲ್ಲಿ ಪರೀಕ್ಷಿಸಿ, 2013ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅದು ಟಿ-ಕೋಶದ ಮೇಲಿರುವ ಸಿ.ಡಿ.6 ಎಂಬ ಗುರುತನ್ನು ಹಿಡಿಯುತ್ತದೆ. ಆ ಪರೀಕ್ಷೆಯ ಒಂದು ಗುಂಪಿನಲ್ಲಿ 12 ವಾರಗಳಲ್ಲಿ ರೋಗ ಮುಕ್ಕಾಲು ಪಾಲು ಇಳಿದವರು ನೂರಕ್ಕೆ 27 ಮಂದಿ. ಔಷಧವಿಲ್ಲದ ಹುಸಿಮದ್ದಿನ ಗುಂಪಿನಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು. ಗುಣವಿದೆಯೆಂಬುದು ಸಿದ್ಧ, ಹೊಸ ಬಾಣಗಳಷ್ಟು ಹರಿತವಲ್ಲವೆಂಬುದೂ ಸಿದ್ಧ. ಅಂಕಿಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ವಿಜ್ಞಾನದ ವಿದ್ಯಾರ್ಥಿಗೆ ಅಗತ್ಯ.

ಜೈವಿಕ ಔಷಧಗಳಿಗೆ ಎರಡು ಅಡ್ಡಿಗಳುಂಟು. ಒಂದು ಬೆಲೆ. ಮೆಥೊಟ್ರೆಕ್ಸೇಟ್ ಗುಳಿಗೆ ಕೆಲವು ರೂಪಾಯಿಗಳಿಗೆ ದೊರೆತರೆ, ಈ ಚುಚ್ಚುಮದ್ದುಗಳಿಗೆ ಸಾವಿರಾರು ರೂಪಾಯಿ. ನಿಲ್ಲಿಸಿದರೆ ರೋಗ ಬಹುತೇಕ ಮರಳುವುದು. ಎರಡನೆಯದು ಕ್ಷಯ. ನಮ್ಮ ದೇಶದಲ್ಲಿ ಅನೇಕರ ಮೈಯಲ್ಲಿ ಕ್ಷಯದ ಕ್ರಿಮಿ ಮಲಗಿರುತ್ತದೆ. ಅದನ್ನು ಸುತ್ತುಗಟ್ಟಿ ಇಡುವ ಕೆಲಸದಲ್ಲಿ ಟಿ.ಎನ್.ಎಫ್. ದ್ರವ್ಯವೂ ಪಾಲುಗೊಳ್ಳುತ್ತದೆ. ಆ ದ್ರವ್ಯವನ್ನು ತಡೆದರೆ ಗೋಡೆ ಕುಸಿದು ಕ್ರಿಮಿ ಎದ್ದೀತು. ಆದುದರಿಂದ ಚುಚ್ಚುಮದ್ದಿಗೆ ಮುಂಚೆ ಕ್ಷಯದ ಪರೀಕ್ಷೆ ಕಡ್ಡಾಯ.

ತಿರುಗಿ ಬೀಳುವ ಔಷಧ

ಕೊನೆಯದಾಗಿ, ಚಿಕಿತ್ಸೆಯಂತೆ ಕಾಣುವ ಒಂದು ಅಪಾಯ. ಮೊದಲು ಹೇಳಿದ ಹುಡುಗನಿಗೆ ಹಿಂದಿನ ವರ್ಷ ಯಾರೋ ಹೆಸರಿಲ್ಲದ ಪುಡಿಯೊಂದನ್ನು ಕೊಟ್ಟಿದ್ದರು. ಹದಿನೈದು ದಿನಗಳಲ್ಲಿ ಮೈಯೆಲ್ಲ ತಿಳಿಯಾಯಿತು. ಮನೆಯವರು ಹರಕೆ ತೀರಿಸಿದರು. ಪುಡಿ ಮುಗಿದ ತಿಂಗಳೊಳಗೆ ಮೊದಲಿಗಿಂತ ಇಮ್ಮಡಿ ಮಚ್ಚೆಗಳು ಎದ್ದವು. ಆ ಪುಡಿಯಲ್ಲಿ ಏನಿತ್ತೆಂದು ಪರೀಕ್ಷಿಸಿದವರಿಲ್ಲ. ಆದರೆ ಸ್ಟೀರಾಯ್ಡ್ ನುಂಗಿದಾಗ ನಡೆಯುವುದು ಇದೇ ರೀತಿ: ಸೋರಿಯಾಸಿಸ್ ಬೇಗ ಅಡಗುತ್ತದೆ, ಬಿಟ್ಟೊಡನೆ ಬಲವಾಗಿ ತಿರುಗಿ ಬೀಳುತ್ತದೆ. ಕೆಲವೊಮ್ಮೆ ಮೈಯೆಲ್ಲ ಕೆಂಪಗಾಗಿ, ಕೀವಿನ ಗುಳ್ಳೆಗಳೆದ್ದು, ಚರ್ಮ ತನ್ನ ಕೆಲಸವನ್ನೇ ಮರೆಯುತ್ತದೆ. ಚರ್ಮವು ದೇಹದ ಶಾಖವನ್ನೂ ನೀರನ್ನೂ ಕಾಪಾಡುವ ಹೊದಿಕೆ. ಅದು ಕೆಟ್ಟಾಗ ಶಾಖವೂ ನೀರೂ ಸೋರಿಹೋಗಿ ಚಳಿ ಹುಟ್ಟುತ್ತದೆ, ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಇದು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಲೇಪದ ಸ್ಟೀರಾಯ್ಡನ್ನೂ ವೈದ್ಯರ ಮಾತಿಲ್ಲದೆ ತಿಂಗಳುಗಟ್ಟಲೆ ಹಚ್ಚಬಾರದು. ಯಾರೇ ಕೊಡಲಿ, ಹೆಸರಿಲ್ಲದ ಔಷಧವನ್ನು ತಿನ್ನಬಾರದು.

ಯಾವುದನ್ನು ಆರಿಸಬೇಕು?

ಇಷ್ಟರಲ್ಲಿ ಯಾವುದು ಮೇಲು ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಮಗು ಬೇಕೆನ್ನುವ ಹೆಂಗಸಿಗೆ ದೀಪ. ಕೀಲುಬಾವು ಇರುವವನಿಗೆ ಮೆಥೊಟ್ರೆಕ್ಸೇಟ್. ಯಕೃತ್ತು ಕೆಟ್ಟವನಿಗೆ ಅದು ಬೇಡ. ಎಲ್ಲವೂ ಸೋತಾಗ ಜೈವಿಕ ಔಷಧ. ರೋಗಿಯ ಮೈ, ವಯಸ್ಸು, ದುಡಿಮೆ, ಊರಿನ ದೂರ, ಕೈಯಲ್ಲಿರುವ ಹಣ, ಎಲ್ಲವನ್ನೂ ತೂಗಿ ಚರ್ಮವೈದ್ಯರು ಆರಿಸಬೇಕು. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಆದರೆ ಅದನ್ನು ಹತೋಟಿಯಲ್ಲಿಟ್ಟು ಎಲ್ಲರಂತೆ ಬಾಳುವುದು ಇಂದು ಸಾಧ್ಯ. 2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ಸನ್ನು ಕುರಿತು ನಿರ್ಣಯ ಅಂಗೀಕರಿಸಿ, ರೋಗಿಗಳನ್ನು ದೂರವಿಡುವ ಅನ್ಯಾಯವನ್ನು ನಿಲ್ಲಿಸಬೇಕೆಂದು ರಾಷ್ಟ್ರಗಳನ್ನು ಕೇಳಿಕೊಂಡಿತು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನಾವು ಮರುದಿನ ಕರಿಹಲಗೆಯ ಮೇಲೆ ಓಜೋನಿನ ಲೆಕ್ಕ ಮಾಡಿ ತೋರಿಸಿದೆವು. ಆ ಬಳಿಕ ಚರ್ಮವೈದ್ಯರಿದ್ದಲ್ಲಿಗೆ ಕಳುಹಿಸಿದೆವು. ಈಗ ಅವನು ವಾರಕ್ಕೊಂದು ದಿನ ಗುಳಿಗೆ ತೆಗೆದುಕೊಳ್ಳುತ್ತಾನೆ, ನಿಗದಿಯಾದ ದಿನ ರಕ್ತಪರೀಕ್ಷೆಗೆ ಹೋಗುತ್ತಾನೆ. ಮಚ್ಚೆಗಳು ಪೂರ್ತಿ ಹೋಗಿಲ್ಲ, ಬಹುಮಟ್ಟಿಗೆ ತೆಳುವಾಗಿವೆ. ಮೊನ್ನೆ ಪ್ರಯೋಗಶಾಲೆಯಲ್ಲಿ ರೋಹಿತಮಾಪಕವನ್ನು ಸರಿಪಡಿಸುವಾಗ ಅವನು ತೋಳನ್ನು ಮೊಣಕೈವರೆಗೆ ಮಡಿಸಿದ್ದನು. ಪಕ್ಕದಲ್ಲಿದ್ದ ಜೊತೆಗಾರನು ಸರಿದು ನಿಲ್ಲಲಿಲ್ಲ. ಅಳತೆಯನ್ನು ಓದಿ ಹೇಳು ಎಂದನು, ಅಷ್ಟೆ.